ಒತ್ತಿದ್ದು ನಾನೇ

ಡಿಗ್ರಿ ಮುಗಿದ ಮೇಲೆ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ ನಾನು ಹಾಸನದಲ್ಲಿ ಒಂದು ಮೊಬೈಲ್ ಕಂಪನಿಯ ಕಸ್ಟಮರ್ ಕೇರ್‌ನಲ್ಲಿ ಕೆಲಸ ಮಾಡಿದೆ. ನೇರವಾಗಿ ಕಂಪನಿಯಲ್ಲಲ್ಲ, ಅದರಿಂದ ಗುತ್ತಿಗೆ ಹಿಡಿದವರ ಕೈಕೆಳಗೆ. ಬಸ್ ಸ್ಟ್ಯಾಂಡಿನ ಹತ್ತಿರದ ಕಟ್ಟಡದ ಮೂರನೇ ಮಹಡಿ. ಕೆಳಗೆ ಬಟ್ಟೆ ಅಂಗಡಿ, ಅದರ ಮೇಲೆ ಕಣ್ಣಿನ ಡಾಕ್ಟರು, ಅದರ ಮೇಲೆ ನಾವು ನಲವತ್ತು ಜನ. ಹೆಚ್ಚಿನವರು ಸುತ್ತಲ ತಾಲ್ಲೂಕುಗಳಿಂದ ಬಂದವರೇ. ನಾನು ಚನ್ನರಾಯಪಟ್ಟಣದವಳು, ಅಪ್ಪನಿಗೆ ಅಲ್ಲಿ ಪಾತ್ರೆ ಅಂಗಡಿ. ಪಕ್ಕದ ಕುರ್ಚಿಯವಳು ಹೊಳೆನರಸೀಪುರದವಳು. ನಾವಿಬ್ಬರೂ ಸೇರಿ ಒಂದು ರೂಮು ಮಾಡಿಕೊಂಡಿದ್ದೆವು. ಅವಳಪ್ಪ ಗಾರೆ ಕೆಲಸದವರು. ಸಂಬಳದ ಮುಕ್ಕಾಲು ಪಾಲು ಅವಳು ಮನೆಗೆ ಕಳಿಸುತ್ತಿದ್ದಳು, ನಾನು ಕಳಿಸಬೇಕಾಗಿರಲಿಲ್ಲ. ಈ ವ್ಯತ್ಯಾಸ ಮುಂದೆ ನಮ್ಮ ಜಗಳದಲ್ಲಿ ಬಂತು, ಅದಕ್ಕೇ ಈಗಲೇ ಹೇಳಿದೆ.

ಆ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನನಗೆ ತಿಳಿದದ್ದು, ಜನ ಫೋನ್ ಕಂಪನಿಗೆ ಸುಳ್ಳು ಹೇಳುವುದನ್ನು ತಪ್ಪು ಅಂದುಕೊಳ್ಳುವುದೇ ಇಲ್ಲ ಅನ್ನುವುದು. ಬಿಲ್ಲು ತಡವಾಗಿ ಕಟ್ಟಿದ್ದಕ್ಕೆ ದಂಡ ಬಿದ್ದರೆ ಬಿಲ್ಲೇ ಬಂದಿಲ್ಲ ಅನ್ನುತ್ತಿದ್ದರು. ಬಂದಿದೆ, ತೆರೆದು ನೋಡಿದ್ದೀರಿ ಅಂತ ನಮ್ಮ ಪರದೆ ಹೇಳುತ್ತಿತ್ತು. ಹಾಸನದವರೇ ಒಬ್ಬರಿದ್ದರು, ಬಹಳ ಮೆದುವಾದ ಮಾತು, ‘ಮೇಡಂ, ಊಟ ಆಯ್ತಾ’ ಅಂತಲೇ ಶುರು ಮಾಡುವವರು. ಅವರ ಖಾತೆಯ ಹಳೆಯ ಟಿಪ್ಪಣಿಗಳನ್ನು ಓದಿದರೆ ಅವರ ತಾಯಿ ಒಂದೂವರೆ ವರ್ಷದಲ್ಲಿ ಎರಡು ಸಲ ತೀರಿಕೊಂಡಿದ್ದರು, ನಡುವೆ ಒಂದು ಸಲ ಐಸಿಯುನಲ್ಲಿದ್ದರು. ನನಗೆ ಅವರ ಕರೆ ಬಂದ ದಿನ ತಾಯಿಗೆ ಮತ್ತೆ ಹುಷಾರಿರಲಿಲ್ಲ. ನಾನು ಒಂದು ಮಾತೂ ಆಡದೆ ದಂಡ ಮನ್ನಾ ಮಾಡಿದೆ. ಕರೆ ಮುಗಿದ ಮೇಲೆ ಅವರು ನನಗೆ ಐದಕ್ಕೆ ಐದು ಅಂಕ ಕೊಟ್ಟರು. ಆ ಅಂಕದ ಮೇಲೆ ತಿಂಗಳ ಕೊನೆಯ ಇನ್ಸೆಂಟಿವ್ ನಿಂತಿತ್ತು. ಸುಳ್ಳು ಹೇಳುವವರೇ ಚೆನ್ನಾಗಿ ಅಂಕ ಕೊಡುತ್ತಿದ್ದರು.

ನಾವೇನು ಹರಿಶ್ಚಂದ್ರರಾಗಿರಲಿಲ್ಲ. ಎಲ್ಲಿಂದ ಮಾತಾಡುತ್ತಿದ್ದೀರಿ ಅಂತ ಯಾರಾದರೂ ಕೇಳಿದರೆ ಬೆಂಗಳೂರು ಅನ್ನಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು. ನಿಮ್ಮ ಮೇಲಿನವರನ್ನು ಕರೆಯಿರಿ ಅಂತ ಯಾರಾದರೂ ರೇಗಿದರೆ ನಾನು ಲೈನನ್ನು ಪಕ್ಕದ ಕುರ್ಚಿಯ ನನ್ನ ಗೆಳತಿಗೆ ಕೊಡುತ್ತಿದ್ದೆ. ಅವಳು ಗಂಟಲು ಸ್ವಲ್ಪ ದಪ್ಪ ಮಾಡಿಕೊಂಡು ‘ನಾನು ಸೂಪರ್‌ವೈಸರ್ ಮಾತಾಡ್ತಿರೋದು’ ಅನ್ನುತ್ತಿದ್ದಳು. ಅವಳ ಲೈನಲ್ಲಿ ಯಾರಾದರೂ ರೇಗಿದರೆ ನಾನು ಸೂಪರ್‌ವೈಸರ್ ಆಗುತ್ತಿದ್ದೆ.

ಕಡಿತವಾದ ಹಣವನ್ನು ವಾಪಸ್ ಹಾಕಬೇಕಾದರೆ ಪರದೆಯ ಮೇಲೆ ಕಾರಣಗಳ ಪಟ್ಟಿ ತೆರೆದುಕೊಳ್ಳುತ್ತಿತ್ತು. ಒಂದನ್ನು ಆರಿಸಬೇಕು. ಮನೆಯಲ್ಲಿ ಸಾವು, ಆಸ್ಪತ್ರೆ, ಬಿಲ್ಲು ತಲುಪಿಲ್ಲ, ಗ್ರಾಹಕರ ಅರಿವಿಲ್ಲದೆ ಸೇವೆ ಶುರುವಾಗಿದೆ, ಹೀಗೆ. ‘ಗ್ರಾಹಕರೇ ಶುರು ಮಾಡಿಕೊಂಡಿದ್ದಾರೆ’ ಅನ್ನುವ ಸಾಲೂ ಇತ್ತು. ಅದನ್ನು ಆರಿಸಿದರೆ ಮುಂದಿನ ಪುಟದಲ್ಲಿ ಹಣ ಹಾಕುವ ಬಟನ್ನೇ ಬರುತ್ತಿರಲಿಲ್ಲ. ಆದ್ದರಿಂದ ನಾವು ಪ್ರಶ್ನೆಯೊಳಗೇ ಉತ್ತರ ಇಟ್ಟು ಕೇಳುವುದನ್ನು ಕಲಿತಿದ್ದೆವು. ‘ಇದು ನಿಮಗೆ ಗೊತ್ತಿಲ್ಲದ ಹಾಗೆ ಶುರುವಾಗಿದೆ, ಅಲ್ವಾ?’ ಹೌದು ಅಂದರೆ ಸಾಕು. ಎಲ್ಲರೂ ಹೌದು ಅನ್ನುತ್ತಿದ್ದರು.

ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆ ಹೆಂಗಸಿನ ಕರೆ ಬಂತು. ಎಸಿ ಕೆಟ್ಟು ಎರಡು ದಿನವಾಗಿತ್ತು, ಕಿಟಕಿ ತೆಗೆದು ಕೂತಿದ್ದೆವು. ಅರಕಲಗೂಡು ತಾಲ್ಲೂಕು, ಮಲ್ಲಿಪಟ್ಟಣದ ಹತ್ತಿರದ ವಿಳಾಸ. ದನಿ ಕೇಳಿದರೆ ಐವತ್ತರ ಆಸುಪಾಸು.

“ನನ್ ಫೋನಲ್ಲಿ ಕಾಸೇ ನಿಲ್ಲಕ್ಕಿಲ್ಲ ಕಣವ್ವ. ಹಾಕ್ಸದು ಹೋಗದು, ಹಾಕ್ಸದು ಹೋಗದು. ಏನಾಗದೆ ಅಂತ ವಸಿ ನೋಡು.”

ನೋಡಿದೆ. ದಿನಭವಿಷ್ಯ ಅಂತ ಒಂದು ಸೇವೆ, ದಿನಕ್ಕೆ ಮೂರು ರೂಪಾಯಿ, ಹತ್ತೊಂಬತ್ತು ದಿನದಿಂದ.

“ಅಮ್ಮಾ, ನಿಮ್ಮ ನಂಬರಲ್ಲಿ ದಿನಭವಿಷ್ಯ ಅಂತ ಒಂದು ಶುರುವಾಗಿದೆ. ಅದಕ್ಕೆ ದಿನಾ ದುಡ್ಡು ಹೋಗ್ತಿದೆ. ಇದು ನಿಮಗೆ ಗೊತ್ತಿಲ್ಲದ ಹಾಗೆ ಶುರುವಾಗಿದೆ, ಅಲ್ವಾ?”

“ಗೊತ್ತಿಲ್ದೆ ಏನು? ಒತ್ತಿದ್ದು ನಾನೇ. ಫೋನ್ ಬಂತು, ನಿಮ್ಮ ಭವಿಷ್ಯ ಕೇಳಕ್ಕೆ ಒಂದು ಒತ್ತಿ ಅಂದ್ಲು, ಒತ್ತುದೆ.”

“ಕೈ ತಪ್ಪಿ ಒತ್ತಿರಬಹುದು. ಇಲ್ಲಾ ಮನೇಲಿ ಮಕ್ಕಳು ಯಾರಾದ್ರೂ...”

“ಮನೇಲಿ ಮಕ್ಳೆಲ್ಲವ್ವ? ಮಗಳು ಮೊದಲ ಹೆರಿಗೆಗೆ ಬಂದವ್ಳೆ. ಚೆನ್ನಾಗಾಯ್ತದಾ ಕೇಳಣ ಅಂತ್ಲೇ ಒತ್ತಿದ್ದು. ಎರಡು ದಿನ ಕೇಳುದೆ. ವಾಹನ ತಗಳೋ ಯೋಗ ಅದೆ ಅಂದ್ಲು. ನಂಗ್ಯಾಕೆ ವಾಹನ? ಮೂರನೇ ದಿನದಿಂದ ಕೇಳಿಲ್ಲ. ಅದಕ್ಕೇ, ಆ ಎರಡು ದಿನದ್ದು ಮುರ್ಕಂಡು ಮಿಕ್ಕಿದ್ದು ವಾಪಸ್ ಹಾಕ್ಬುಡಿ. ಕೇಳಿದ್ದಕ್ಕೆ ಕೊಡ್ತೀನಿ. ಕೇಳ್ದೆ ಇರದಕ್ಕೆ ಯಾಕೆ ಕೊಡ್ಲಿ?”

ಇಷ್ಟು ಸರಿಯಾದ ಬೇಡಿಕೆಯನ್ನು ಆ ಎರಡು ವರ್ಷದಲ್ಲಿ ಬೇರೆ ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ಪಟ್ಟಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಪೂರ್ತಿ ಹಾಕಬೇಕು, ಇಲ್ಲವೇ ಏನೂ ಹಾಕುವಂತಿಲ್ಲ. ನಾನು ಇನ್ನೊಂದು ಸಲ ಪ್ರಯತ್ನ ಮಾಡಿದೆ.

“ಅಮ್ಮಾ, ನೀವು ಒತ್ತಿಲ್ಲ ಅಂದ್ರೆ ನಾನು ಎಲ್ಲಾ ದುಡ್ಡೂ ಹಾಕಬಹುದು.”

“ಒತ್ತಿದೆ ಅಂದ್ನಲ್ಲ.”

“ಹೌದು. ಆದರೆ ಒತ್ತಿಲ್ಲ ಅಂದ್ರೆ...”

ಆ ಕಡೆ ಹಿಂದೆಲ್ಲೋ ದೊಡ್ಡ ಪಾತ್ರೆಯೊಂದನ್ನು ಉಜ್ಜುವ ಸದ್ದು ಬರುತ್ತಿತ್ತು.

“ನಿಜ ಹೇಳುದ್ರೆ ಕಾಸು ಬರಕ್ಕಿಲ್ಲ, ಸುಳ್ಳು ಹೇಳುದ್ರೆ ಬತ್ತದೆ ಅಂತೀಯಾ?”

“ನಾನು ಹಾಗೆ ಹೇಳಲಿಲ್ಲ ಅಮ್ಮಾ.” ಕರೆ ರೆಕಾರ್ಡ್ ಆಗುತ್ತಿತ್ತು, ಬೇರೇನೂ ಹೇಳುವಂತಿರಲಿಲ್ಲ.

“ನೀನೆಲ್ಲಿ ಕೂತ್ಕಂಡು ಮಾತಾಡ್ತಿದ್ದೀಯೆ?”

“ಬೆಂಗಳೂರು ಆಫೀಸಿಂದ.”

ಅದೇ ಹೊತ್ತಿಗೆ ಕೆಳಗೆ ರಸ್ತೆಯಲ್ಲಿ ಒಬ್ಬ ಕಂಡಕ್ಟರ್ ‘ಅರಕಲ್ಗೂಡು, ಅರಕಲ್ಗೂಡು, ಅರಕಲ್ಗೂಡೂ’ ಅಂತ ಕೂಗಿದ. ತೆರೆದ ಕಿಟಕಿಯಿಂದ ಅದು ಸೀದಾ ನನ್ನ ಮೈಕಿಗೆ ಬಂತು.

“ಬೆಂಗಳೂರಲ್ಲೂ ನಮ್ಮೂರ ಬಸ್ಸು ಕೂಗ್ತಾರಾ?” ಅಂದು ಆಕೆ ನಕ್ಕರು. ಕೋಪ ಇರಲಿಲ್ಲ ಆ ನಗೆಯಲ್ಲಿ.

ನಾನು ಆ ಸೇವೆಯನ್ನು ನಿಲ್ಲಿಸಿದೆ. ಆಮೇಲೆ ಪಟ್ಟಿಯಲ್ಲಿ ‘ಗ್ರಾಹಕರ ಅರಿವಿಲ್ಲದೆ’ ಅನ್ನುವುದನ್ನು ಆರಿಸಿ ಐವತ್ತೇಳು ರೂಪಾಯಿ ಪೂರ್ತಿ ವಾಪಸ್ ಹಾಕಿದೆ. ಹಾಕಿದ್ದೇನೆ ಅಂತ ಹೇಳಿದಾಗ ಆಕೆ “ಆರು ರೂಪಾಯಿ ಮುರ್ಕಂಡ್ಯಾ?” ಅಂತ ಕೇಳಿದರು. ನಾನು “ಹೂಂ ಅಮ್ಮಾ” ಅಂದೆ. ಅಂಕ ಕೊಡಲು ಒಂದರಿಂದ ಐದರವರೆಗೆ ಯಾವುದಾದರೂ ನಂಬರ್ ಒತ್ತಿ ಅಂದೆ. “ಇನ್ಮೇಲೆ ನಾನು ಯಾವ ನಂಬರೂ ಒತ್ತಕ್ಕಿಲ್ಲ” ಅಂತ ಇಟ್ಟುಬಿಟ್ಟರು.

ಎಷ್ಟೋ ಕರೆಗಳಲ್ಲಿ ಒಂದನ್ನು ಕ್ವಾಲಿಟಿ ವಿಭಾಗದವರು ಕೇಳುತ್ತಿದ್ದರು. ನನ್ನ ಪಾಲಿಗೆ ಆ ವಾರ ಬಂದದ್ದು ಇದೇ. ಗ್ರಾಹಕರು ನಾನೇ ಒತ್ತಿದ್ದು ಅಂತ ಮೂರು ಸಲ ಹೇಳುತ್ತಾರೆ. ನಾನು ಬರೆದಿರುವುದು ಅವರ ಅರಿವಿಲ್ಲದೆ ಅಂತ. ಸೊನ್ನೆ ಅಂಕ. ನಮ್ಮ ಟೀಮ್ ಲೀಡರ್ ಮೇಡಂ ನನ್ನನ್ನು ಕರೆದರು. ಅವರೂ ಅದೇ ಕುರ್ಚಿಯಲ್ಲಿ ಕೂತು ಮೇಲೆ ಬಂದವರು, ಹಾಸನದವರೇ, ದನಿ ಏರಿಸಿ ಮಾತಾಡುವವರಲ್ಲ.

“ಆ ಅಮ್ಮನಿಗೆ ಸಹಾಯ ಮಾಡಬೇಕು ಅನ್ನಿಸಿತು, ಸರಿ. ಆದರೆ ರೆಕಾರ್ಡಿಂಗ್ ಒಂದು ಹೇಳ್ತಿದೆ, ನೀನು ಒಂದು ಬರೆದಿದ್ದೀಯ.”

“ಎರಡು ಸಲ ತಾಯಿ ತೀರಿಕೊಂಡವರಿಗೂ ನಾನು ಮನ್ನಾ ಮಾಡಿದ್ದೀನಿ ಮೇಡಂ. ಅದಕ್ಕೆ ಯಾರೂ ಕರೆದು ಕೇಳಲಿಲ್ಲ.”

“ಅವನು ತಾಯಿ ಆಸ್ಪತ್ರೆಯಲ್ಲಿ ಅಂದ, ನೀನು ಆಸ್ಪತ್ರೆ ಅಂತ ಬರೆದೆ. ಹೊಂದಿಕೆಯಾಯ್ತಲ್ಲ.”

ಅವರು ಅದನ್ನು ಕುಹಕವಾಗಿ ಹೇಳಲಿಲ್ಲ. ಇರುವುದನ್ನು ಹೇಳಿದರು.

ಮರುದಿನ ಟ್ರೈನಿಂಗ್ ರೂಮಿನಲ್ಲಿ ಎಲ್ಲರನ್ನೂ ಕೂರಿಸಿ ಆ ಕರೆಯನ್ನು ಕೇಳಿಸಿದರು, ಹೇಗೆ ಮಾಡಬಾರದು ಅನ್ನುವುದಕ್ಕೆ. ‘ನಂಗ್ಯಾಕೆ ವಾಹನ’ ಅನ್ನುವಲ್ಲಿ ಎಲ್ಲರೂ ನಕ್ಕರು. ಕಂಡಕ್ಟರ್ ಕೂಗುವಲ್ಲಿ ಇನ್ನೂ ಜೋರಾಗಿ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ ಅಂತ ನಕ್ಕೆನೋ, ನಿಜವಾಗಿ ನಗು ಬಂತೋ, ಈಗ ಹೇಳಲಾರೆ. ನಕ್ಕದ್ದಂತೂ ನಿಜ.

ಆ ತಿಂಗಳ ಇನ್ಸೆಂಟಿವ್ ಹೋಯಿತು. ಅದರ ಜೊತೆ ಇನ್ನೊಂದು ನಡೆಯಿತು, ಅದನ್ನು ನಾನು ನಿರೀಕ್ಷಿಸಿರಲಿಲ್ಲ. ತಪ್ಪಾಗಿ ಹಾಕಿದ ಹಣ ಅಂತ ಗುರುತು ಮಾಡಿ, ಆಕೆಯ ಮುಂದಿನ ರೀಚಾರ್ಜಿನಿಂದ ಐವತ್ತೇಳು ರೂಪಾಯಿ ಮುರಿದುಕೊಂಡರು. ಅಂದರೆ ಆಕೆ ಕೇಳಿದ್ದು ಸಿಗಲಿಲ್ಲ, ಸಿಕ್ಕಿದ್ದೂ ಹೋಯಿತು. ಸುಳ್ಳು ಬರೆದವಳು ನಾನು, ಕಳಕೊಂಡವರು ಅವರು.

ಆ ನಂಬರ್ ಕ್ವಾಲಿಟಿಯವರು ಕೊಟ್ಟ ಹಾಳೆಯ ಮೇಲೇ ಇತ್ತು. ಗ್ರಾಹಕರ ನಂಬರನ್ನು ಬರೆದುಕೊಳ್ಳುವುದು, ಹೊರಗೆ ಒಯ್ಯುವುದು ಎಲ್ಲಕ್ಕಿಂತ ದೊಡ್ಡ ಅಪರಾಧ ಅಂತ ನಮಗೆ ಮೊದಲ ದಿನವೇ ಹೇಳಿದ್ದರು. ನಾನು ಬರೆದುಕೊಳ್ಳಲಿಲ್ಲ, ನೆನಪಿಟ್ಟುಕೊಂಡೆ. ಭಾನುವಾರ ಕೆಲಸ ಮುಗಿಸಿ ಬಂದು ರೂಮಿನಲ್ಲಿ ಕೂತು ನನ್ನ ಫೋನಿನಿಂದಲೇ ಆ ನಂಬರಿಗೆ ನೂರು ರೂಪಾಯಿ ಹಾಕಿದೆ. ಮನಸ್ಸು ಹಗುರವಾಯಿತು. ಗೆಳತಿಗೂ ಹೇಳಿದೆ. ಅವಳು ಬಟ್ಟೆ ಒಣಗಹಾಕುತ್ತಾ, “ನೂರು ಯಾಕೆ ಹಾಕ್ದೆ? ಐವತ್ತು ಸಾಕಾಗಿತ್ತು” ಅಂದಳು.

ಬುಧವಾರ ಊಟದ ಹೊತ್ತಿಗೆ ಅವಳು ಡಬ್ಬಿ ತೆಗೆಯದೆ ನನ್ನನ್ನೇ ನೋಡುತ್ತಾ ಕೂತಳು.

“ನಿನ್ನ ಭವಿಷ್ಯದ ಅಮ್ಮ ಫೋನ್ ಮಾಡಿದ್ರು.”

ನಾನು ನನ್ನ ಡಬ್ಬಿ ಮುಚ್ಚಿದೆ.

“ಯಾರೋ ನನ್ನ ಫೋನಿಗೆ ನೂರು ರೂಪಾಯಿ ಹಾಕ್ಬುಟ್ಟವ್ರೆ, ನಂದಲ್ಲ, ಯಾರ್ದೋ ಇರ್ಬೇಕು, ವಾಪಸ್ ತಗಳ್ಳಿ ಅಂತ. ಮೂರು ದಿನದಲ್ಲಿ ಐದು ಸಲ ಮಾಡಿದಾರಂತೆ. ಮಿಕ್ಕ ನಾಲ್ಕು ಜನ ಆಯ್ತು ನೋಡ್ತೀವಿ ಅಂತ ಬರೆದು ಬಿಟ್ಟಿದಾರೆ. ದನಿ ಕೇಳ್ತಿದ್ದಂಗೇ ನನಗೆ ಗೊತ್ತಾಯ್ತು.”

“ನೀನೇನು ಹೇಳ್ದೆ?”

“ಅಮ್ಮಾ, ನೀವು ಈ ತಿಂಗಳ ಅದೃಷ್ಟಶಾಲಿ ಗ್ರಾಹಕರು, ಕಂಪನಿಯೇ ಬಹುಮಾನ ಕೊಟ್ಟಿದೆ ಅಂದೆ.”

“ಅದಕ್ಕೆ?”

“ಹಂಗಾರೆ ಆ ಭವಿಷ್ಯ ಹೇಳೋಳು ಇದನ್ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ರು.” ಅವಳಿಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ.

“ಯಾಕೆ ಸುಳ್ಳು ಹೇಳಿದೆ?”

“ಇನ್ನೇನು ಹೇಳಬೇಕಿತ್ತು? ಯಾರು ಹಾಕಿದ್ದು ಅಂತ ಹುಡುಕಿದರೆ ನಿನ್ನ ಹೆಸರು ಬರುತ್ತೆ. ನಿನಗೋಸ್ಕರ ಹೇಳಿದ್ದು ಕಣೇ.”

ಅದು ನಿಜವೇ. ಆದರೂ ನಾನು ಸುಮ್ಮನಿರಲಿಲ್ಲ. ಕಂಪನಿಗೆ ಬೇಕಾದರೆ ಹೇಳು, ಆ ಅಮ್ಮನಿಗೆ ಯಾಕೆ ಹೇಳಿದೆ ಅಂತ ಕೇಳಿದೆ. ಅವಳಿಗೆ ಕೋಪ ಬಂತು. ದುಡ್ಡಿರುವವನು ತಾಯಿಯನ್ನು ಎರಡು ಸಲ ಸಾಯಿಸಿ ದಂಡ ತಪ್ಪಿಸಿಕೊಂಡಾಗ ನೀನು ಬಾಯಿ ಬಿಡಲಿಲ್ಲ, ಐದು ಅಂಕ ತಗೊಂಡೆ, ಈಗ ನನಗೆ ಹೇಳ್ತೀಯ ಅಂದಳು. ಫೋನ್ ಕಂಪನಿಗೇನು ಮೈಯಿದೆಯಾ, ಮನಸ್ಸಿದೆಯಾ, ಅದಕ್ಕೆ ಸುಳ್ಳು ಹೇಳಿದರೆ ಯಾರಿಗೆ ನೋವಾಗುತ್ತೆ ಅಂದಳು. ಕೊನೆಗೆ, “ನಿನಗೆ ನೂರು ರೂಪಾಯಿ ಹಾಕಿ ಮನಸ್ಸು ಹಗುರ ಮಾಡ್ಕೊಳ್ಳಕ್ಕಾಗುತ್ತೆ. ನನಗೆ ಈ ಕೆಲಸ ಹೋದ್ರೆ ಮನೇಲಿ ಅಕ್ಕಿ ಬರಲ್ಲ” ಅಂದಳು. ಅವಳ ಡಬ್ಬಿ ಅವತ್ತು ಹಾಗೇ ವಾಪಸ್ ಹೋಯಿತು.

ಮರುದಿನ ನನಗೆ ವಾರದ ರಜೆ. ಹೊರಗೆ ಬಂದು, ರಸ್ತೆ ಬದಿಯ ಮರದ ಕೆಳಗೆ ನಿಂತು, ನನ್ನ ಫೋನಿನಿಂದ ಆ ನಂಬರಿಗೆ ಕರೆ ಮಾಡಿದೆ.

“ಅಮ್ಮಾ, ನಾನು ಅವತ್ತು ಕಸ್ಟಮರ್ ಕೇರಿಂದ ಮಾತಾಡಿದ್ದೋಳು. ಬಸ್ಸು ಕೂಗ್ತಿತ್ತಲ್ಲ.”

“ಓ, ಬೆಂಗಳೂರೋಳು!”

“ಬೆಂಗಳೂರಲ್ಲ ಅಮ್ಮಾ. ಹಾಸನ. ಆ ನೂರು ರೂಪಾಯಿ ಬಹುಮಾನ ಅಲ್ಲ. ನಾನೇ ಹಾಕಿದ್ದು.” ಅಷ್ಟಕ್ಕೇ ನಿಲ್ಲದೆ ಎಲ್ಲವನ್ನೂ ಹೇಳಿದೆ. ಆರು ರೂಪಾಯಿ ಮುರಿದುಕೊಂಡಿರಲಿಲ್ಲ ಅನ್ನುವುದನ್ನೂ ಹೇಳಿದೆ.

ಆಕೆ ಪೂರ್ತಿ ಕೇಳಿ, “ಸೋಮವಾರ ಮಗಳಿಗೆ ಸ್ಕ್ಯಾನಿಂಗ್ ಅದೆ, ದೊಡ್ಡಾಸ್ಪತ್ರೆಗೆ ಬತ್ತೀವಿ. ಒಂದು ಗಂಟೆಗೆ ಬಸ್ಟ್ಯಾಂಡಿಗೆ ಬಾ” ಅಂದರು. ಬಯ್ಯುವುದಕ್ಕೋ, ಬೇರೆ ಯಾತಕ್ಕೋ, ತಿಳಿಯಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ಹೋದೆ. ಅರಕಲಗೂಡು ಬಸ್ಸು ನಿಲ್ಲುವ ಕಡೆ ಬೆಂಚಿನ ಮೇಲೆ ತಾಯಿ ಮಗಳು ಕೂತಿದ್ದರು. ಮಗಳಿಗೆ ತುಂಬಿದ ಹೊಟ್ಟೆ, ಕೈಯಲ್ಲಿ ಸ್ಕ್ಯಾನಿಂಗಿನ ದೊಡ್ಡ ಕವರು. ತಾಯಿ ತೆಳ್ಳಗೆ, ಗಟ್ಟಿಮುಟ್ಟಾಗಿದ್ದರು, ನೀಲಿ ಸೀರೆ. ಊರಿನ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಾರಂತೆ. ಅವತ್ತು ಕೇಳಿದ ಪಾತ್ರೆ ಉಜ್ಜುವ ಸದ್ದು ಶಾಲೆಯದು. ನನ್ನನ್ನು ನೋಡಿದ ಕೂಡಲೇ “ಇಷ್ಟು ಚಿಕ್ಕೋಳಾ ನೀನು?” ಅಂದರು. ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿಯ ನೋಟು ತೆಗೆದು ನನ್ನ ಕೈಗಿಟ್ಟರು.

“ಬೇಡ ಅಮ್ಮಾ. ನಿಮ್ಮದು ನನ್ನಿಂದ ಹೋಗಿದ್ದು.”

“ನನ್ನ ಕಾಸು ಇಟ್ಕಂಡಿರೋದು ಕಂಪನಿ. ಕೊಟ್ರೆ ಅವ್ರು ಕೊಡ್ಬೇಕು. ನಿನ್ನ ಸಂಬಳದ ಕಾಸು ನಂಗ್ಯಾಕೆ? ತಗ.” ನೋಟನ್ನು ನನ್ನ ಬೆರಳೊಳಗೆ ಮಡಿಸಿಟ್ಟರು. ಆಮೇಲೆ ಮುಖ ಗಂಭೀರ ಮಾಡಿಕೊಂಡು, “ನನ್ ನಂಬರು ನಿಂಗೆಂಗೆ ಸಿಕ್ತು? ಅಂಗೆಲ್ಲ ತಗಬೌದಾ?” ಅಂತ ಕೇಳಿದರು.

“ತಗೊಳ್ಳಂಗಿಲ್ಲ.”

“ಮತ್ತೆ? ಇನ್ಮೇಲೆ ಯಾರ್ದೂ ತಗಬ್ಯಾಡ. ನೀನು ಹೆಣ್ಮಗಳು, ಪರವಾಗಿಲ್ಲ. ಇನ್ನೊಬ್ಬ ಯಾವನೋ ನನ್ ಮಗಳ ನಂಬರು ತಗಂಡು ಕಾಸು ಹಾಕುದ್ರೆ ನಾನು ಸುಮ್ಕಿರ್ತಿದ್ನಾ?”

ಅಷ್ಟು ದಿನ ನಾನು ಒಳ್ಳೆಯದನ್ನು ಮಾಡಹೋಗಿ ಸಿಕ್ಕಿಬಿದ್ದವಳು ಅಂತಲೇ ಅಂದುಕೊಂಡಿದ್ದೆ. ಆ ಮಾತು ಕೇಳಿದ ಮೇಲೆ ಹಾಗೆ ಅಂದುಕೊಳ್ಳುವುದು ಕಷ್ಟವಾಯಿತು.

ಕ್ಯಾಂಟೀನಿನಲ್ಲಿ ಮೂರು ಕಾಫಿ ತಂದೆ. ಅದಕ್ಕೆ ಬೇಡ ಅನ್ನಲಿಲ್ಲ. ಕುಡಿಯುತ್ತಾ ನಾನು ಕೇಳಿಯೇಬಿಟ್ಟೆ. “ಅವತ್ತು ಒತ್ತಿಲ್ಲ ಅಂದಿದ್ರೆ ಮುಗಿದುಹೋಗ್ತಿತ್ತಲ್ಲ ಅಮ್ಮಾ. ಎಲ್ಲರೂ ಅಂತಾರೆ. ನೀವು ಸುಳ್ಳೇ ಹೇಳಲ್ವಾ?”

“ಯಾರು ಹೇಳಿದ್ದು? ಹೇಳ್ತೀನಿ. ಶಾಲೇಲಿ ಮೊಟ್ಟೆ ಕೊಡ್ತೀವಲ್ಲ, ಹೋದ ತಿಂಗಳು ಎರಡು ಒಡೆದೋದ್ವು ಅಂತ ಮೇಷ್ಟ್ರಿಗೆ ಹೇಳಿ ಇವಳಿಗೆ ತಂದ್ಕೊಟ್ಟೆ.”

ಮಗಳು, “ಅವ್ವ, ಸುಮ್ಕಿರು. ಎಲ್ಲಾರ ಮುಂದೂವೆ...” ಅಂತ ತಾಯಿಯ ತೋಳು ಎಳೆದಳು.

“ಇರ್ಲಿ ಬಿಡು, ಇವಳೇನು ಮೇಷ್ಟ್ರಿಗೆ ಹೇಳಕ್ಕೋಯ್ತಾಳಾ? ಅದು ತಪ್ಪೇ. ಮಕ್ಳ ಮೊಟ್ಟೆ ಅದು. ತಪ್ಪು ಅಂತ ಗೊತ್ತಿದ್ದೇ ತಂದೆ. ಆದ್ರೆ ನೀನು ಒತ್ತಿಲ್ಲ ಅನ್ನು ಅಂತ ಹೇಳ್ಕೊಟ್ಯಲ್ಲ, ಅದು ನಂಗೆ ಸರಿ ಬರ್ಲಿಲ್ಲ. ನನ್ ಸುಳ್ಳು ನಾನು ಹೇಳ್ಕತೀನಿ. ಇನ್ನೊಬ್ರು ಹೇಳ್ಕೊಟ್ಟು ಹೇಳ್ಸದು ಯಾಕೆ? ಐವತ್ತು ರೂಪಾಯಿಗೆ ನಿಮ್ ಕಂಪನಿ ಮುಂದೆ ನಾನು ಏನೂ ಗೊತ್ತಿಲ್ದೋಳು ಅಂತ ಆಗ್ಬೇಕಾ?”

ನಾವು ದಿನಾ ಮಾಡುತ್ತಿದ್ದದ್ದು ಅದೇ. ಗೊತ್ತಿಲ್ಲದೆ ಆಯಿತು ಅಂತ ಅನ್ನಿಸಿ ಅನ್ನಿಸಿ, ತಿಳಿದವರನ್ನೂ ತಿಳಿಯದವರನ್ನಾಗಿ ಬರೆದುಕೊಳ್ಳುತ್ತಿದ್ದೆವು. ನಾನು ಅದನ್ನು ಉಪಕಾರ ಅಂದುಕೊಂಡಿದ್ದೆ.

ಬಸ್ಸು ಬಂತು. ಕಂಡಕ್ಟರ್ ಮಗಳಿಗೆ ಮುಂದಿನ ಸೀಟು ಬಿಡಿಸಿಕೊಟ್ಟ. ಆಕೆ ಕಿಟಕಿಯಿಂದ “ಹೆರಿಗೆ ಆದ್ಮೇಲೆ ಫೋನ್ ಮಾಡ್ತೀನಿ, ನಿನ್ ನಂಬರು ಈಗ ನನ್ನತ್ರ ಅದೆ” ಅಂದರು. ಮಾಡಿದರೂ ಕೂಡ. ಗಂಡು ಮಗು, ಹೆರಿಗೆ ಸುಸೂತ್ರವಾಯಿತು.

ಆ ವಾರವೇ ನಾನು ಟೀಮ್ ಲೀಡರ್ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಸತ್ಯದ ಮೇಲಿನ ಪ್ರೀತಿಯಿಂದ ಹೇಳಿದೆ ಅಂದರೆ ಅದೂ ಒಂದು ಸುಳ್ಳಾದೀತು. ಆ ಐದು ಕರೆಗಳು ದಾಖಲಾಗಿದ್ದವು. ಇವತ್ತಲ್ಲ ನಾಳೆ ಯಾರಾದರೂ ಹಿಂದೆ ಹೋಗಿ ನೋಡಿದರೆ ‘ಅದೃಷ್ಟಶಾಲಿ ಗ್ರಾಹಕರು’ ಅಂದ ನನ್ನ ಗೆಳತಿ ಸಿಕ್ಕಿಬೀಳುತ್ತಿದ್ದಳು. ಅದಕ್ಕೆ ಮುಂಚೆ ನನ್ನ ಕಡೆಯಿಂದ ಮುಗಿಯಲಿ ಅನ್ನಿಸಿತು. ಅವಳ ಮಾತನ್ನು ಎತ್ತಲಿಲ್ಲ.

ಮೇಡಂ ಪೆನ್ನು ಕೆಳಗಿಟ್ಟರು. “ನಂಬರ್ ತಗೊಂಡು ಹೋದೆ, ರೀಚಾರ್ಜ್ ಮಾಡಿದೆ, ಫೋನ್ ಮಾಡಿದೆ, ಹೋಗಿ ಭೇಟಿಯಾದೆ. ಇದನ್ನು ಬರೆದರೆ ನಿನ್ನ ಕೆಲಸ ಹೋಗುತ್ತೆ. ಬರೆಯದೆ ಇದ್ದರೆ ನಾಳೆ ನನ್ನದು. ಏನು ಮಾಡಲಿ, ನೀನೇ ಹೇಳು.”

“ಬರೀರಿ ಮೇಡಂ.”

ಬರೆದರು. ಹೇಗೆ ಬರೆದರು ಅನ್ನುವುದನ್ನು ಆಮೇಲೆ ನನಗೆ ತೋರಿಸಿದರು. ನಡೆದದ್ದು ನಡೆದ ಹಾಗೆ, ನಾಲ್ಕೇ ಸಾಲು. ಗ್ರಾಹಕರಿಗೆ ನ್ಯಾಯವಾಗಿ ಬರಬೇಕಾದ ಐವತ್ತೊಂದು ರೂಪಾಯಿಯನ್ನು ಕೊಡಲು ವ್ಯವಸ್ಥೆಯಲ್ಲಿ ದಾರಿ ಇಲ್ಲ ಅನ್ನುವುದನ್ನು ಐದನೇ ಸಾಲಾಗಿ ಸೇರಿಸಿದ್ದರು. ಆ ಐದನೇ ಸಾಲಿಗೆ ಯಾರೂ ಉತ್ತರ ಕೊಟ್ಟಂತಿಲ್ಲ. ನನಗೆ ಹದಿನೈದು ದಿನದಲ್ಲಿ ಬಿಡುಗಡೆಯ ಪತ್ರ ಬಂತು. ಗೆಳತಿಯ ಕರೆಯನ್ನು ಯಾರೂ ತೆಗೆದು ಕೇಳಲಿಲ್ಲ. ರೂಮು ಬಿಡುವ ದಿನ ಅವಳು ನನ್ನ ಹಾಸಿಗೆಯನ್ನು ಸುತ್ತಿ ಕಟ್ಟಿಕೊಟ್ಟಳು. “ನೀನು ಮಾಡಿದ್ದು ಸರಿ ಅಂತ ನಾನು ಈಗಲೂ ಹೇಳಲ್ಲ” ಅಂದಳು. ಬಸ್ಸಿನವರೆಗೂ ಬಂದಳು.

ಚನ್ನರಾಯಪಟ್ಟಣಕ್ಕೆ ಬಂದವಳನ್ನು ಅಪ್ಪ ಅಂಗಡಿಯ ಬಾಗಿಲಲ್ಲೇ ನೋಡಿ, “ಏನಮ್ಮ, ಹಾಸಿಗೆ ಸಮೇತ?” ಅಂದರು. ದಾರಿಯುದ್ದಕ್ಕೂ ನಿಜ ಹೇಳಬೇಕು ಅಂತಲೇ ಅಂದುಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ. “ಕಂಪನಿ ಮುಚ್ಚಿಹೋಯ್ತಪ್ಪ” ಅಂದೆ. ಅಪ್ಪ ಹಾಸಿಗೆಯನ್ನು ಕೈಯಿಂದ ತೆಗೆದುಕೊಂಡು ಒಳಗೆ ನಡೆದರು.

ಮೂರು ವಾರ ಆ ಸುಳ್ಳಿನ ಜೊತೆಯೇ ಅಂಗಡಿಯಲ್ಲಿ ಕೂತೆ. ಆಮೇಲೊಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕುಕ್ಕರಿನ ಡಬ್ಬಗಳನ್ನು ಜೋಡಿಸುತ್ತಾ ಎಲ್ಲವನ್ನೂ ಹೇಳಿದೆ. ಅಪ್ಪ ಡಬ್ಬದ ಮೇಲಿನ ದೂಳು ಒರೆಸುತ್ತಲೇ ಕೇಳಿದರು.

“ಆ ಅಮ್ಮ ದುಡ್ಡು ವಾಪಸ್ ಕೊಟ್ಟರಾ?”

“ಕೊಟ್ಟರು.”

“ಒಳ್ಳೆಯವರು.” ಇನ್ನೊಂದು ಡಬ್ಬ ಒರೆಸಿದರು. “ಆದರೆ ನಾನು ಬೀದಿಗೆಲ್ಲ ಕಂಪನಿ ಮುಚ್ಚಿತು ಅಂತ ಹೇಳಿಬಿಟ್ಟಿದ್ದೀನಲ್ಲ. ಈಗ ಒಬ್ಬೊಬ್ಬರ ಮನೆಗೂ ಹೋಗಿ ಅಲ್ಲ ಅನ್ನಕ್ಕಾಗುತ್ತಾ?”

“ನಾನು ಹೇಳ್ತೀನಿ ಬಿಡಿ.”

“ಬೇಡ, ಬೇಡ. ಹಂಗೇ ಇರಲಿ.”

ಅದಾಗಿ ಎರಡು ತಿಂಗಳಿಗೆ ಎದುರಿನ ಸ್ಟೇಷನರಿ ಅಂಗಡಿಯವರು ಹಾಸನಕ್ಕೆ ಹೋಗಿ ಬಂದರು. ಸಂಜೆ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತು, “ನಿಮ್ಮ ಹುಡುಗಿ ಇದ್ದ ಕಂಪನಿ ಮುಚ್ಚಿತು ಅಂದ್ರಿ, ಬೋರ್ಡು ಹಂಗೇ ಇದೆಯಲ್ಲ ಸ್ವಾಮಿ, ಹುಡುಗ ಹುಡುಗಿಯರು ಹೋಗ್ತಾ ಬರ್ತಾ ಇದ್ರು” ಅಂದರು. ನಾನು ಒಳಗೆ ತಟ್ಟೆಗಳನ್ನು ಎಣಿಸುತ್ತಾ ನಿಂತಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಪ್ಪ, ಎಂದೂ ಸುಳ್ಳಾಡದವರ ದನಿಯಲ್ಲಿ, “ಅದಾ? ಅದು ಬೇರೆಯವರು ಬಂದಿದ್ದಾರಂತೆ. ಹಳೇ ಬೋರ್ಡನ್ನೇ ಇಟ್ಟುಕೊಂಡಿದ್ದಾರೆ” ಅಂದರು.